ಹಿತ್ತಲ ಹಣ್ಣಿನ ಮರಗಳ ತೊಗಟೆ: ಬಿರುಕಿನ ಪರೀಕ್ಷೆ ಮತ್ತು ಪರಿಹಾರ ಕ್ರಮಗಳು

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪೀಠಿಕೆ

ರಾಜ್ಯದ ಬಹುತೇಕ ಹಳ್ಳಿಗಳಲ್ಲಿ ಮನೆಯ ಹಿತ್ತಲಿನಲ್ಲಿ ಬಚ್ಚಲ ನೀರು ಹರಿದುಹೋಗುವ ಕಡೆ ಒಂದು ನಿಂಬೆಗಿಡವೋ ಬಾಳೆಯ ಗುಂಪೋ ಇರುತ್ತದೆ. ಗಿಡಕ್ಕೆ ಪ್ರತ್ಯೇಕವಾಗಿ ನೀರು ಹಾಕುವ ಶ್ರಮ ಬೇಡ, ನೀರೂ ವ್ಯರ್ಥವಾಗಬಾರದು ಎಂಬುದು ಈ ಏರ್ಪಾಡಿನ ಹಿಂದಿನ ವಿವೇಕ. ಬಾಳೆ ಇದನ್ನು ತಾಳಿಕೊಳ್ಳುತ್ತದೆ, ನಿಂಬೆ ತಾಳಿಕೊಳ್ಳದು. ಕೆಲವು ವರ್ಷ ಚೆನ್ನಾಗಿ ಕಾಯಿಬಿಟ್ಟ ಗಿಡದ ಬುಡದ ತೊಗಟೆ ಒಂದು ದಿನ ಉದ್ದುದ್ದಕ್ಕೆ ಸೀಳಿ, ಅದರಿಂದ ಜೇನುಬಣ್ಣದ ಅಂಟು ಸೋರತೊಡಗುತ್ತದೆ. ಎಲೆಗಳು ಹಳದಿಯಾಗುತ್ತವೆ. ಮನೆಯವರು ದೃಷ್ಟಿ ತಾಕಿತೆಂದೋ ಗೊಬ್ಬರ ಸಾಲದೆಂದೋ ಭಾವಿಸುತ್ತಾರೆ. ಮುಂದಿನ ಮಳೆಗಾಲದ ಹೊತ್ತಿಗೆ ಗಿಡ ಸೌದೆಯಾಗಿರುತ್ತದೆ.

ವಾರ್ಡಿನಲ್ಲಿ ಸಂಚರಿಸುವ ಸದಸ್ಯರಿಗೆ ಇಂತಹ ಮರಗಳು ಆಗಾಗ್ಗೆ ಎದುರಾಗುತ್ತವೆ. "ತೊಗಟೆ ಒಡೆದಿದೆ, ಮರ ಉಳಿಯುವುದೇ, ಕಡಿಸಿಬಿಡಬೇಕೇ?" ಎಂಬ ಪ್ರಶ್ನೆಯನ್ನು ಜನರು ಮೊದಲು ಕೇಳುವುದು ಹತ್ತಿರದ ಸದಸ್ಯರನ್ನೇ. ಆಗ ಆಡುವ ಒಂದು ಮಾತು ಮರದ ಅಳಿವು ಉಳಿವನ್ನು ನಿರ್ಧರಿಸಬಹುದು. ಬೀಜದಿಂದ ಬೆಳೆದ ಹಲಸು ಫಲ ಕೊಡಲು ಏಳೆಂಟು ವರ್ಷ ಬೇಕು. ಕಡಿಯಲು ಅರ್ಧ ದಿನ ಸಾಕು. ಆದುದರಿಂದ ತೊಗಟೆಯ ಲಕ್ಷಣಗಳನ್ನು ಗುರುತಿಸುವ ಪ್ರಾಥಮಿಕ ತಿಳಿವಳಿಕೆಯನ್ನು ಪ್ರತಿಯೊಬ್ಬ ಸದಸ್ಯರೂ ಪಡೆದಿರುವುದು ಅಪೇಕ್ಷಣೀಯ.

1. ತೊಗಟೆಯ ಕಾರ್ಯ

ಹೊರಗೆ ಒರಟಾಗಿ ಕಾಣುವ ತೊಗಟೆಯ ಮೇಲ್ಪದರವು ನಿರ್ಜೀವವಾದುದು. ಅದು ಬಿಸಿಲು, ಗಾಳಿ, ಕೀಟ ಮತ್ತು ರೋಗಾಣುಗಳಿಂದ ಮರವನ್ನು ಕಾಯುವ ಕವಚ. ಅದರ ಒಳಗಿನ ತೆಳುವಾದ ಹಸಿ ಪದರವು ಸಜೀವವಾದುದು. ಎಲೆಗಳಲ್ಲಿ ತಯಾರಾದ ಆಹಾರವು ಬೇರಿಗೆ ಇಳಿಯುವುದು ಈ ಪದರದ ಮೂಲಕವೇ. ಇದಕ್ಕೂ ಕಟ್ಟಿಗೆಗೂ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳವಣಿಗೆಯ ಪದರವೊಂದಿದ್ದು, ಅದು ಒಳಮುಖವಾಗಿ ಕಟ್ಟಿಗೆಯನ್ನೂ ಹೊರಮುಖವಾಗಿ ತೊಗಟೆಯನ್ನೂ ನಿರ್ಮಿಸುತ್ತ ಹೋಗುತ್ತದೆ. ಬೇರು ಹೀರಿದ ನೀರು ಮೇಲೇರುವುದು ಕಟ್ಟಿಗೆಯ ಮೂಲಕ.

ಕಾಂಡದ ಸುತ್ತಲೂ ಉಂಗುರದಂತೆ ಹಸಿ ತೊಗಟೆ ನಾಶವಾದರೆ ನೀರು ಮೇಲೇರುತ್ತಲೇ ಇರುತ್ತದೆ. ಆದರೆ ಬೇರಿಗೆ ಆಹಾರ ಇಳಿಯುವುದಿಲ್ಲ. ಬೇರು ತನ್ನಲ್ಲಿ ಕೂಡಿಟ್ಟ ಆಹಾರದಿಂದ ಕೆಲವು ತಿಂಗಳು ಬದುಕುತ್ತದೆ. ಆ ಅವಧಿಯಲ್ಲಿ ಮರ ಹಸಿರಾಗಿಯೇ ಕಾಣುತ್ತದೆ. ಅನಂತರ ಏಕಾಏಕಿ ಸೊರಗುತ್ತದೆ. ಗಾಯವಾದ ಕಾಲಕ್ಕೂ ಮರ ಒಣಗುವ ಕಾಲಕ್ಕೂ ಇಷ್ಟು ಅಂತರವಿರುವುದರಿಂದಲೇ ನಿಜವಾದ ಕಾರಣ ಜನರ ಗಮನಕ್ಕೆ ಬಾರದೆ ಹೋಗುತ್ತದೆ. ಎಲೆ ಬಾಡಿದ ಮೇಲೆ ಮರವನ್ನು ನೋಡುವುದಕ್ಕಿಂತ ಬುಡವನ್ನು ಆಗಾಗ್ಗೆ ನೋಡುವುದು ಹೆಚ್ಚು ಫಲಕಾರಿ.

2. ರೋಗವಲ್ಲದ ಬಿರುಕುಗಳು

ತೊಗಟೆಯಲ್ಲಿ ಕಾಣುವ ಎಲ್ಲ ಬಿರುಕುಗಳೂ ರೋಗದ ಚಿಹ್ನೆಗಳಲ್ಲ. ಕಾಂಡ ದಪ್ಪವಾಗುತ್ತ ಹೋದಂತೆ ನಿರ್ಜೀವವಾದ ಮೇಲ್ಪದರ ಹಿಗ್ಗಲಾರದೆ ಸೀಳುತ್ತದೆ. ಕೆಳಗಿನವು ಸಹಜ ಲಕ್ಷಣಗಳು:

• ಹಳೆಯ ಮಾವು ಮತ್ತು ಹುಣಸೆ ಮರಗಳ ಕಾಂಡದಲ್ಲಿ ಕಾಣುವ ಆಳವಾದ, ಒಣಗಿದ ಸೀಳುಗಳು.
• ಸೀಬೆ ಮರದ ತೊಗಟೆ ತೆಳುವಾದ ಹಾಳೆಗಳಂತೆ ಕಳಚಿ, ಒಳಗೆ ಹಸಿರು ಅಥವಾ ತಾಮ್ರದ ಛಾಯೆಯ ನುಣುಪಾದ ಮೈ ಕಾಣುವುದು.
• ನೇರಳೆಯ ಬುಡದಲ್ಲಿ ಚಕ್ಕೆ ಚಕ್ಕೆಯಾಗಿ ಏಳುವ ಒರಟು ತೊಗಟೆ.
• ತೊಗಟೆಯ ಮೇಲೆ ಬೂದು ಅಥವಾ ತಿಳಿಹಸಿರು ಬಣ್ಣದ ಕಲ್ಲುಹೂವು. ಇದು ಮರದ ರಸವನ್ನು ಹೀರುವುದಿಲ್ಲ.

ಇಂತಹ ತೊಗಟೆಯನ್ನು "ಶುಚಿಗೊಳಿಸುವ" ಉದ್ದೇಶದಿಂದ ಕತ್ತಿಯಿಂದ ಕೆರೆಯುವುದು ಮರದ ಕವಚವನ್ನು ಕಿತ್ತಂತೆಯೇ ಸರಿ. ಬಿರುಕು ಒಣಗಿದ್ದು, ಅಂಟು ಸೋರದೆ, ದುರ್ವಾಸನೆಯಿಲ್ಲದೆ, ಮೇಲಿನ ಕೊಂಬೆಗಳು ಚೆನ್ನಾಗಿ ಚಿಗುರುತ್ತಿದ್ದರೆ ಯಾವ ಕ್ರಮವೂ ಅಗತ್ಯವಿಲ್ಲ.

3. ಪರೀಕ್ಷಿಸುವ ಕ್ರಮ

ಮರವನ್ನು ನೋಡುವಾಗ ಈ ಐದು ಅಂಶಗಳನ್ನು ಅನುಕ್ರಮವಾಗಿ ಗಮನಿಸತಕ್ಕದ್ದು:

ಮೊದಲನೆಯದಾಗಿ, ಬುಡವನ್ನು ನೋಡಬೇಕು. ಮಣ್ಣು, ಕಸ ಅಥವಾ ಗೊಬ್ಬರ ಕಾಂಡಕ್ಕೆ ಏರಿಕೊಂಡಿದೆಯೇ, ನೀರು ನಿಲ್ಲುತ್ತಿದೆಯೇ ಎಂಬುದನ್ನು ಮಣ್ಣು ಸರಿಸಿ ಪರಿಶೀಲಿಸಬೇಕು.

ಎರಡನೆಯದಾಗಿ, ಸೋರಿಕೆಯನ್ನು ನೋಡಬೇಕು. ಅಂಟು ಎಲ್ಲಿಂದ ಬರುತ್ತಿದೆ, ಬುಡದಿಂದಲೋ, ಕಾಂಡದ ರಂಧ್ರದಿಂದಲೋ, ಒಣಗಿದ ಕೊಂಬೆಯ ಬಳಿಯಿಂದಲೋ ಎಂಬುದು ಮುಖ್ಯ.

ಮೂರನೆಯದಾಗಿ, ಹುಡಿಯನ್ನು ನೋಡಬೇಕು. ಬುಡದಲ್ಲಿ ಮರದ ಹೊಟ್ಟು, ತೊಗಟೆಯ ಮೇಲೆ ಹಿಕ್ಕೆ ಮತ್ತು ನೂಲಿನ ಪಟ್ಟಿ, ಅಥವಾ ಮಣ್ಣಿನ ಹೊದಿಕೆ ಇದ್ದರೆ ಕೀಟಬಾಧೆಯಿದೆ ಎಂದು ತಿಳಿಯಬೇಕು.

ನಾಲ್ಕನೆಯದಾಗಿ, ಸಂದೇಹವಿರುವ ಕಡೆ ಚಾಕುವಿನ ತುದಿಯಿಂದ ಉಗುರಿನಷ್ಟು ಜಾಗವನ್ನು ಮಾತ್ರ ಹಗುರವಾಗಿ ಕೆರೆಯಬೇಕು. ಒಳಪದರ ಹಸಿಯಾಗಿದ್ದು ಹಸಿರು ಅಥವಾ ಬಿಳಿಚಾಗಿದ್ದರೆ ಜೀವವಿದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಭಾಗ ಸತ್ತಿದೆ.

ಐದನೆಯದಾಗಿ, ಸತ್ತ ಭಾಗವು ಕಾಂಡದ ಸುತ್ತಳತೆಯಲ್ಲಿ ಎಷ್ಟು ಪಾಲನ್ನು ಆವರಿಸಿದೆ ಎಂದು ಅಂದಾಜು ಮಾಡಬೇಕು. ಅರ್ಧಕ್ಕಿಂತ ಕಡಿಮೆಯಿದ್ದರೆ, ಕಾರಣವನ್ನು ನಿವಾರಿಸಿದಲ್ಲಿ ಮರ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಸುತ್ತಲೂ ಸತ್ತಿದ್ದರೆ ಉಳಿಸುವುದು ಕಷ್ಟ.

4. ಬಚ್ಚಲ ನೀರು ಮತ್ತು ನಿಂಬೆಯ ಅಂಟು ಸೋರುವ ರೋಗ

ನಿಂಬೆ, ಕಿತ್ತಳೆ, ಮೋಸಂಬಿ ಮುಂತಾದ ಒಂದೇ ಬಳಗದ ಮರಗಳಲ್ಲಿ ಬುಡದ ತೊಗಟೆ ಸೀಳಿ ಅಂಟು ಸೋರಲು ಮುಖ್ಯ ಕಾರಣ ಫೈಟಾಫ್ತರ ಎಂಬ ಸೂಕ್ಷ್ಮಜೀವಿ. ಅಡಿಕೆಯ ಕೊಳೆರೋಗಕ್ಕೆ ಕಾರಣವಾಗುವುದೂ ಇದೇ ಕುಲದ ಜೀವಿಯೇ. ಇದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಮಣ್ಣು ಸದಾ ತೇವವಾಗಿದ್ದು, ಆ ತೇವ ಕಾಂಡಕ್ಕೆ ತಾಗುತ್ತಿದ್ದರೆ ಅವು ಸಣ್ಣ ಗಾಯಗಳ ಮೂಲಕ ಒಳಸೇರುತ್ತವೆ. ತೊಗಟೆ ಮೊದಲು ನೀರು ತುಂಬಿದಂತೆ ಕಪ್ಪಾಗಿ, ಅನಂತರ ಒಣಗಿ, ಉದ್ದಕ್ಕೆ ಸೀಳುತ್ತದೆ. ಅಂಟು ಮಳೆಯಲ್ಲಿ ತೊಳೆದುಹೋಗುವುದರಿಂದ ಮಳೆಗಾಲದಲ್ಲಿ ಸೋರಿಕೆ ಕಾಣದಿರಬಹುದು.

ಇಲ್ಲಿ ಔಷಧಿಗಿಂತ ಮೊದಲು ಆಗಬೇಕಾದುದು ನೀರಿನ ದಾರಿಯನ್ನು ಬದಲಿಸುವ ಕೆಲಸ. ನೀರು ನಿಲ್ಲುವುದು ತಪ್ಪದ ಹೊರತು ಯಾವ ಲೇಪನವೂ ಬಹುಕಾಲ ಫಲ ಕೊಡದು. ಅನುಸರಿಸಬೇಕಾದ ಕ್ರಮ ಹೀಗಿದೆ:

(ಅ) ಕಾಂಡಕ್ಕೆ ಏರಿದ ಮಣ್ಣನ್ನು ಸರಿಸಿ, ಮೇಲ್ಬೇರುಗಳು ಆರಂಭವಾಗುವವರೆಗೆ ಬುಡಕ್ಕೆ ಗಾಳಿಯಾಡುವಂತೆ ಮಾಡಬೇಕು. ಕಸಿ ಗಿಡವಾಗಿದ್ದರೆ ಕಸಿಯ ಗಂಟು ಎಂದಿಗೂ ಮಣ್ಣಿನಲ್ಲಿ ಹೂತಿರಬಾರದು.

(ಆ) ಬಚ್ಚಲ ನೀರನ್ನು ಇಂಗುಗುಂಡಿಗೆ ಹರಿಸಬೇಕು. ಗುಂಡಿಯನ್ನು ನಿಂಬೆಗಿಡದ ಬುಡದಿಂದ ದೂರದಲ್ಲಿ, ಗಿಡದ ನೆರಳಿನ ಅಂಚಿನಾಚೆ ತೆಗೆಯಬೇಕು. ನೀರು ಬೇಗ ಇಂಗದ ಎರೆಭೂಮಿಯಲ್ಲಿ ಬಾಳೆ, ಕೆಸುವಿನಂತಹ ತೇವ ತಾಳುವ ಗಿಡಗಳ ಕಡೆಗೆ ನೀರನ್ನು ತಿರುಗಿಸುವುದು ಮೇಲು.

(ಇ) ಗಿಡಕ್ಕೆ ನೀರು ಕೊಡುವಾಗ ಕಾಂಡದ ಸುತ್ತ 1ರಿಂದ 1.5 ಅಡಿ ಅಂತರದಲ್ಲಿ ಮಣ್ಣಿನ ಏರಿ ಕಟ್ಟಿ, ಅದರ ಹೊರಗಿನ ಪಾತಿಗೆ ಮಾತ್ರ ನೀರು ಬಿಡಬೇಕು.

(ಈ) ಕೊಳೆತ ತೊಗಟೆಯನ್ನು ಶುಭ್ರವಾದ ಹರಿತ ಚಾಕುವಿನಿಂದ, ಸುತ್ತಲಿನ ಹಸಿ ತೊಗಟೆಯ ಅಂಚು ಕಾಣುವವರೆಗೆ ಮಾತ್ರ ತೆಗೆದು, ಆ ಚೂರುಗಳನ್ನು ಸಂಗ್ರಹಿಸಿ ದೂರದಲ್ಲಿ ಸುಡಬೇಕು. ಗಾಯಕ್ಕೆ ಬೋರ್ಡೋ ಮುಲಾಮನ್ನು ಲೇಪಿಸಬೇಕು. ಮಳೆಗಾಲದ ಮೊದಲು ಮತ್ತು ನಂತರ, ನೆಲಮಟ್ಟದಿಂದ 2 ಅಡಿ ಎತ್ತರದವರೆಗೆ ಕಾಂಡಕ್ಕೆ ಈ ಲೇಪನ ಕೊಡುವುದು ಮುನ್ನೆಚ್ಚರಿಕೆಯೂ ಹೌದು.

ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅಲ್ಲಿನ ತೋಟಕ್ಕೂ ಊರಿನ ಹಿತ್ತಲಿಗೂ ನಿಯಮ ಒಂದೇ: ನಿಂಬೆಯ ಬೇರಿಗೆ ನೀರು ಬೇಕು, ಬುಡಕ್ಕೆ ಬೇಡ.

5. ಕೀಟಗಳಿಂದ ಆಗುವ ಹಾನಿ

ತೊಗಟೆ ತಿನ್ನುವ ಹುಳು: ಸೀಬೆ, ಮಾವು, ಹಲಸು, ಸಪೋಟ, ನುಗ್ಗೆ ಮುಂತಾದ ಅನೇಕ ಮರಗಳಲ್ಲಿ, ವಿಶೇಷವಾಗಿ ಆರೈಕೆಯಿಲ್ಲದ ಹಳೆಯ ಮರಗಳಲ್ಲಿ, ಇದರ ಹಾವಳಿ ಹೆಚ್ಚು. ಹುಳುವು ಹಗಲಿನಲ್ಲಿ ಕವಲುಗಳ ಸಂದಿನಲ್ಲಿ ಕೊರೆದ ರಂಧ್ರದಲ್ಲಿ ಅಡಗಿದ್ದು, ರಾತ್ರಿ ಹೊರಬಂದು ತೊಗಟೆಯನ್ನು ತಿನ್ನುತ್ತದೆ. ತಾನು ಸಾಗುವ ದಾರಿಯನ್ನು ನೂಲು ಮತ್ತು ಹಿಕ್ಕೆಯಿಂದ ಮುಚ್ಚಿಕೊಳ್ಳುವುದರಿಂದ ಕಾಂಡದ ಮೇಲೆ ಕಂದು ಬಣ್ಣದ ಪಟ್ಟಿಗಳು ಕಾಣುತ್ತವೆ. ಈ ಪಟ್ಟಿಯನ್ನು ಪೊರಕೆ ಅಥವಾ ಗೋಣಿಚೀಲದ ತುಂಡಿನಿಂದ ಉಜ್ಜಿ ತೆಗೆದರೆ ಅದರ ಕೊನೆಯಲ್ಲಿ ರಂಧ್ರ ಗೋಚರಿಸುತ್ತದೆ. ರಂಧ್ರದೊಳಗೆ ಕಬ್ಬಿಣದ ತಂತಿ ಹಾಕಿ ಹುಳುವನ್ನು ಕೊಂದು, ಸೀಮೆಎಣ್ಣೆ ಅಥವಾ ಪೆಟ್ರೋಲಿನಲ್ಲಿ ಅದ್ದಿದ ಸಣ್ಣ ಹತ್ತಿಯುಂಡೆಯನ್ನು ತುರುಕಿ, ಹಸಿಮಣ್ಣಿನಿಂದ ಬಾಯಿ ಮುಚ್ಚಬೇಕು.

ಮಾವಿನ ಕಾಂಡ ಕೊರಕ: ಇದು ಉದ್ದ ಮೀಸೆಯ ದೊಡ್ಡ ದುಂಬಿಯ ಮರಿಹುಳು. ದುಂಬಿಯು ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಟ್ಟಿಗೆಯೊಳಗೆ ಸುರಂಗ ಕೊರೆಯುತ್ತ ಬೆಳೆಯುತ್ತದೆ. ರಂಧ್ರದಿಂದ ಹೊಟ್ಟು ಮತ್ತು ಹಿಕ್ಕೆ ಉದುರುವುದು, ಒಂದು ಕೊಂಬೆ ಮಾತ್ರ ಹಳದಿಯಾಗಿ ಒಣಗುವುದು ಇದರ ಲಕ್ಷಣ. ನಿರ್ವಹಣೆ ಮೇಲೆ ಹೇಳಿದಂತೆಯೇ. ಆದರೆ ಸುರಂಗ ಆಳವಾಗಿರುವುದರಿಂದ ಕೊಕ್ಕೆಯಂತೆ ಬಾಗಿಸಿದ ತಂತಿ ಬೇಕಾಗುತ್ತದೆ. ಎರಡು ವಾರಗಳ ನಂತರ ಹೊಸ ಹೊಟ್ಟು ಬೀಳುತ್ತಿದೆಯೇ ಎಂದು ನೋಡಿ, ಬಿದ್ದಿದ್ದರೆ ಮತ್ತೊಮ್ಮೆ ಮಾಡಬೇಕು.

ಗೆದ್ದಲು: ಕಾಂಡದ ಮೇಲೆ ಮಣ್ಣಿನ ಹೊದಿಕೆ ಕಂಡೊಡನೆ ಗೆದ್ದಲೇ ಮರವನ್ನು ಕೊಲ್ಲುತ್ತಿದೆ ಎಂದು ತೀರ್ಮಾನಿಸಬಾರದು. ಬಲಿತ ಮರಗಳಲ್ಲಿ ಅದು ಬಹುಮಟ್ಟಿಗೆ ಸತ್ತ ತೊಗಟೆಯನ್ನೇ ತಿನ್ನುತ್ತಿರುತ್ತದೆ. ಮಣ್ಣನ್ನು ಉಜ್ಜಿ ತೆಗೆದು, ಒಳಗಿನ ತೊಗಟೆ ಏಕೆ ಸತ್ತಿತೆಂದು ಪರಿಶೀಲಿಸಬೇಕು. ಎಳೆಯ ಗಿಡಗಳಿಗೆ ಮಾತ್ರ ಗೆದ್ದಲು ನೇರವಾಗಿ ಅಪಾಯಕಾರಿ.

6. ಒಣಗು ರೋಗ, ಗುಲಾಬಿ ರೋಗ ಮತ್ತು ಬಿಸಿಲಿನ ಹೊಡೆತ

ಮಾವಿನಲ್ಲಿ ಕೊಂಬೆಯ ತುದಿಯಿಂದ ಆರಂಭಿಸಿ ಹಿಮ್ಮುಖವಾಗಿ ಒಣಗುತ್ತ, ತೊಗಟೆ ಕಪ್ಪಾಗಿ ಸೀಳಿ ಅಂಟು ಸೋರುವುದು ಶಿಲೀಂಧ್ರದಿಂದ ಬರುವ ಒಣಗು ರೋಗ. ಒಣಗಿದ ಭಾಗದಿಂದ ಸುಮಾರು 3 ಅಂಗುಲ ಕೆಳಗೆ, ಹಸಿ ಭಾಗದಲ್ಲಿ ಕತ್ತರಿಸಿ, ಕತ್ತರಿಸಿದ ಮುಖಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಒಂದು ಮರದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಗರಗಸ, ಕತ್ತರಿಗಳನ್ನು ಶುಚಿಗೊಳಿಸಬೇಕು.

ಮಲೆನಾಡು ಮತ್ತು ಕರಾವಳಿಯಂತಹ ಹೆಚ್ಚು ಮಳೆಯ ಪ್ರದೇಶಗಳಲ್ಲಿ ಹಲಸು, ಮಾವು, ಕಿತ್ತಳೆ ಮರಗಳ ಕೊಂಬೆಗಳ ಮೇಲೆ ತೆಳು ಗುಲಾಬಿ ಬಣ್ಣದ ಪೊರೆ ಹರಡಿ, ತೊಗಟೆ ಒಡೆದು ಕೊಂಬೆ ಒಣಗುವುದುಂಟು. ಇದು ಗುಲಾಬಿ ರೋಗ. ಬಾಧಿತ ಕೊಂಬೆಯನ್ನು ಕತ್ತರಿಸಿ ಸುಟ್ಟು, ಗಾಯಕ್ಕೆ ಅದೇ ಮುಲಾಮನ್ನು ಲೇಪಿಸಬೇಕು.

ಬಯಲುಸೀಮೆಯಲ್ಲಿ ಕಾಣುವ ಇನ್ನೊಂದು ಸಮಸ್ಯೆ ಬಿಸಿಲಿನ ಹೊಡೆತ. ಕೊಂಬೆಗಳನ್ನು ಒಮ್ಮೆಲೇ ಹೆಚ್ಚಾಗಿ ಕಡಿದಾಗ, ಅದುವರೆಗೆ ನೆರಳಿನಲ್ಲಿದ್ದ ಕಾಂಡಕ್ಕೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ. ಪಶ್ಚಿಮ ಮತ್ತು ನೈಋತ್ಯ ದಿಕ್ಕಿನ ತೊಗಟೆ ಸುಟ್ಟಂತಾಗಿ ಬಿರುಕು ಬಿಟ್ಟು ಕಳಚುತ್ತದೆ. ಬಿರುಕು ಒಂದೇ ದಿಕ್ಕಿನಲ್ಲಿದ್ದರೆ ಇದನ್ನು ಸಂದೇಹಿಸಬೇಕು. ಬೇಸಿಗೆಗೆ ಮುನ್ನ ಕಾಂಡಕ್ಕೆ ತಿಳಿಸುಣ್ಣ ಬಳಿಯುವುದು ಅಗ್ಗದ ಮತ್ತು ಪರಿಣಾಮಕಾರಿಯಾದ ರಕ್ಷಣೆ.

7. ಮನುಷ್ಯರ ಕೈಯಿಂದ ಆಗುವ ಗಾಯಗಳು

ಊರಿನ ಮರಗಳ ತೊಗಟೆಯ ಗಾಯಗಳಿಗೆ ಅನೇಕ ವೇಳೆ ರೋಗವಾಗಲಿ ಕೀಟವಾಗಲಿ ಕಾರಣವಲ್ಲ. ದನ ಕಟ್ಟಿದ ಹಗ್ಗದ ಉಜ್ಜುವಿಕೆ, ಬಟ್ಟೆ ಒಣಗಿಸಲು ಬಿಗಿದ ತಂತಿ, ಫಲಕಗಳಿಗೆ ಹೊಡೆದ ಮೊಳೆ, ಬುಡದಲ್ಲಿ ಕಸಕ್ಕೆ ಇಟ್ಟ ಬೆಂಕಿ, ಹಲಸು ಇಳಿಸುವಾಗ ಬಿದ್ದ ಮಚ್ಚಿನ ಏಟು ಇವೆಲ್ಲವೂ ಆ ಪಟ್ಟಿಗೆ ಸೇರುತ್ತವೆ. ಕಾಂಡಕ್ಕೆ ಬಿಗಿದ ತಂತಿ ಮರ ದಪ್ಪವಾದಂತೆ ತೊಗಟೆಯೊಳಗೆ ಹೂತು, ಉಂಗುರದಂತೆ ಆಹಾರದ ದಾರಿಯನ್ನೇ ಕತ್ತರಿಸುತ್ತದೆ.

ಕಾಂಕ್ರೀಟ್ ರಸ್ತೆ, ಚರಂಡಿ ಮತ್ತು ಕಟ್ಟೆಗಳ ಕಾಮಗಾರಿಯಲ್ಲಿ ಕಾಂಡಕ್ಕೆ ಅಂಟಿಕೊಂಡಂತೆ ಸಿಮೆಂಟು ಸುರಿಯುವುದು, ಅಥವಾ ಕಟ್ಟೆಯೊಳಗೆ ಕಾಂಡದ ಸುತ್ತ ಎರಡಡಿ ಮಣ್ಣು ತುಂಬುವುದು ಕೂಡ ತೊಗಟೆಯನ್ನು ಕೊಳೆಸುವ ಕೃತ್ಯಗಳೇ. ಇವು ಪಂಚಾಯಿತಿಯ ಉಸ್ತುವಾರಿಯಲ್ಲೇ ನಡೆಯುವ ಕೆಲಸಗಳಾದುದರಿಂದ ಇವನ್ನು ತಪ್ಪಿಸುವ ಹೊಣೆಯೂ ಪಂಚಾಯಿತಿಯದೇ.

8. ಬೋರ್ಡೋ ಮುಲಾಮು ತಯಾರಿಸುವ ವಿಧಾನ

ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದ ಈ ಮಿಶ್ರಣ ಕರ್ನಾಟಕದ ಕೃಷಿಕರಿಗೆ ಹೊಸತಲ್ಲ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರು 20ನೆಯ ಶತಮಾನದ ಆರಂಭದಲ್ಲಿ ಅಡಿಕೆಯ ಕೊಳೆರೋಗಕ್ಕೆ ಇದರ ಸಿಂಪಡಣೆಯನ್ನು ಮಲೆನಾಡಿನಲ್ಲಿ ರೂಢಿಗೆ ತಂದರು. ಸಿಂಪಡಣೆಗೆ ಬಳಸುವ ಶೇ 1ರ ದ್ರಾವಣಕ್ಕಿಂತ ಲೇಪನಕ್ಕೆ ಬಳಸುವ ಮುಲಾಮು ಹತ್ತು ಪಟ್ಟು ಗಟ್ಟಿ.

ಒಂದೆರಡು ಮರಗಳಿಗೆ ಬೇಕಾದ ಪ್ರಮಾಣ: ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ, ನೀರು 1 ಲೀಟರ್.

ಮೈಲುತುತ್ತವನ್ನು ಪುಡಿಮಾಡಿ ಅರ್ಧ ಲೀಟರ್ ನೀರಿನಲ್ಲಿ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಕರಗಿಸಬೇಕು. ಇನ್ನೊಂದು ಪಾತ್ರೆಯಲ್ಲಿ ಸುಣ್ಣವನ್ನು ಉಳಿದ ಅರ್ಧ ಲೀಟರ್ ನೀರಿನಲ್ಲಿ ಕದಡಿ ಸೋಸಿಕೊಳ್ಳಬೇಕು. ಸುಣ್ಣ ತಣ್ಣಗಾದ ಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕೋಲಿನಿಂದ ಕಲಕಬೇಕು. ಕಬ್ಬಿಣ ಅಥವಾ ತಗಡಿನ ಪಾತ್ರೆಯನ್ನು ಬಳಸಬಾರದು. ಸಿದ್ಧವಾದ ಮಿಶ್ರಣದಲ್ಲಿ ಉಜ್ಜಿ ಹೊಳಪಿಸಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅದರ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದೆಂದು ತಿಳಿದು, ಲೇಪ ಕಾಣದಂತಾಗುವವರೆಗೆ ಸುಣ್ಣದ ತಿಳಿಯನ್ನು ಸೇರಿಸಬೇಕು. ಮಳೆಯಿಲ್ಲದ ದಿನ, ತೊಗಟೆ ಒಣಗಿರುವಾಗ, ಕುಂಚದಿಂದ ಲೇಪಿಸಬೇಕು. ತಯಾರಿಸಿದ ದಿನವೇ ಬಳಸಿ ಮುಗಿಸಬೇಕು.

ಮೈಲುತುತ್ತ ವಿಷಕಾರಿ. ಕೈಗವಸು ಧರಿಸಿ, ಮಕ್ಕಳು, ದನಕರು ಮತ್ತು ಕೋಳಿಗಳನ್ನು ದೂರವಿರಿಸಿ ಕೆಲಸ ಮಾಡಬೇಕು. ಉಳಿದುದನ್ನು ಬಾವಿ, ಕೆರೆ ಅಥವಾ ಚರಂಡಿಗೆ ಸುರಿಯಬಾರದು. ಆ ಪಾತ್ರೆಗಳನ್ನು ಮತ್ತೆ ಅಡುಗೆಗೆ ಬಳಸಬಾರದು.

9. ಮಾಡಬಾರದ ಕೆಲಸಗಳು

ಗಾಯದ ಮೇಲೆ ಡಾಂಬರು, ಎಣ್ಣೆಬಣ್ಣ ಅಥವಾ ವಾಹನದ ಹಳೆಯ ಎಂಜಿನ್ ಎಣ್ಣೆಯನ್ನು ಬಳಿಯಬಾರದು. ಬುಡಕ್ಕೆ ಸೀಮೆಎಣ್ಣೆ ಸುರಿಯಬಾರದು; ಅದು ರಂಧ್ರದೊಳಗಿನ ಹುಳುವಿಗೆ ಹೇಳಿದ ಉಪಾಯವೇ ಹೊರತು ಬೇರಿಗಲ್ಲ. ಕಾರಣ ತಿಳಿಯುವ ಮುನ್ನ ರಾಸಾಯನಿಕ ಗೊಬ್ಬರ ಹಾಕಬಾರದು. ಸೊರಗಿದ ಬೇರಿಗೆ ಅದು ಹೆಚ್ಚಿನ ಹೊರೆ. ಅಂಗಡಿಯವರು ಕೊಟ್ಟ ಕೀಟನಾಶಕವನ್ನು ಪರಿಣತರ ಶಿಫಾರಸಿಲ್ಲದೆ ಹಿತ್ತಲಿನಲ್ಲಿ ಬಳಸುವುದು, ಮನೆಮಂದಿ ತಿನ್ನುವ ಹಣ್ಣಿಗೇ ವಿಷ ಸೇರಿಸಿದಂತೆ.

10. ಗ್ರಾಮ ಪಂಚಾಯಿತಿಯ ಪಾತ್ರ

ಒಂದು ಹಿತ್ತಲ ಮರದ ಬೆಲೆಯನ್ನು ಅದರ ಸೌದೆಯಿಂದ ಅಳೆಯಲಾಗದು. ಕೂಲಿಯನ್ನೇ ನಂಬಿದ ಮನೆಗೆ ಒಂದು ನಿಂಬೆಗಿಡವು ಸಂತೆಯ ದಿನದ ಕೈಖರ್ಚನ್ನು ಒದಗಿಸುತ್ತದೆ. ಒಂದು ಸೀಬೆ ಮರವು ಮಕ್ಕಳಿಗೆ ಕೊಳ್ಳದೆಯೇ ಹಣ್ಣು ಕೊಡುತ್ತದೆ. ಅಲ್ಲದೆ, ಬೀಜದಿಂದ ಬೆಳೆದ ಪ್ರತಿಯೊಂದು ಮಾವು, ಹಲಸಿನ ಮರವೂ ಗುಣದಲ್ಲಿ ತನ್ನದೇ ಒಂದು ತಳಿ. ತುಮಕೂರು ಜಿಲ್ಲೆಯ ಚೇಳೂರಿನಲ್ಲಿ ರೈತ ಕುಟುಂಬವೊಂದು ಉಳಿಸಿಕೊಂಡಿದ್ದ ಒಂದೇ ಹಲಸಿನ ಮರದಿಂದ 'ಸಿದ್ದು' ಹಲಸಿನ ತಳಿ ನಾಡಿಗೆ ದೊರೆಯಿತು. ಆ ಮರವನ್ನು ತೊಗಟೆ ಒಡೆಯಿತೆಂದು ಯಾರಾದರೂ ಕಡಿದಿದ್ದರೆ ಆ ತಳಿಯೇ ಇಲ್ಲವಾಗುತ್ತಿತ್ತು. ಮಲೆನಾಡಿನ ಅಪ್ಪೆಮಿಡಿಯ ಬಗೆಬಗೆಯ ಮರಗಳ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ.

ಆದುದರಿಂದ ಗ್ರಾಮ ಪಂಚಾಯಿತಿಗಳು ಕೆಳಗಿನ ಕ್ರಮಗಳನ್ನು ಪರಿಗಣಿಸಬಹುದು:

(1) ಮುಂಗಾರಿಗೆ ಮುನ್ನ ಮತ್ತು ಮಳೆ ನಿಂತ ನಂತರ, ವರ್ಷಕ್ಕೆ ಎರಡು ಬಾರಿ, ಶಾಲೆ, ಅಂಗನವಾಡಿ ಮತ್ತು ಪಂಚಾಯಿತಿ ಆವರಣದ ಹಣ್ಣಿನ ಮರಗಳ ಬುಡವನ್ನು ಪರಿಶೀಲಿಸುವುದು.

(2) ಇಂಗುಗುಂಡಿಗಳಿಗೆ ಫಲಾನುಭವಿಗಳನ್ನು ಗುರುತಿಸುವಾಗ, ಬಚ್ಚಲ ನೀರು ಹಣ್ಣಿನ ಮರದ ಬುಡದಲ್ಲಿ ನಿಲ್ಲುತ್ತಿರುವ ಮನೆಗಳನ್ನೂ ಗಮನಕ್ಕೆ ತಂದುಕೊಳ್ಳುವುದು. ಒಂದು ಗುಂಡಿಯಿಂದ ಸೊಳ್ಳೆಯ ಕಾಟವೂ ತಗ್ಗುತ್ತದೆ, ಮರವೂ ಉಳಿಯುತ್ತದೆ.

(3) ಉದ್ಯೋಗ ಖಾತರಿ ಯೋಜನೆಯಡಿ ಹಿಂದಿನ ವರ್ಷಗಳಲ್ಲಿ ನೆಟ್ಟ ಹಣ್ಣಿನ ಗಿಡಗಳಲ್ಲಿ ಕಸಿಯ ಗಂಟು ಮಣ್ಣಿನ ಮೇಲಿದೆಯೇ, ಆಸರೆಗೆ ಕಟ್ಟಿದ ದಾರ ಕಾಂಡವನ್ನು ಬಿಗಿಯುತ್ತಿದೆಯೇ ಎಂದು ನೋಡುವುದು.

(4) ರಸ್ತೆ, ಚರಂಡಿ, ಕಟ್ಟೆ ಕಾಮಗಾರಿಗಳಲ್ಲಿ ಮರದ ಕಾಂಡದ ಸುತ್ತ ತೆರೆದ ಮಣ್ಣು ಬಿಡುವಂತೆ ಸೂಚಿಸುವುದು. ಮರಗಳಿಗೆ ಮೊಳೆ ಹೊಡೆಯದಂತೆ ತಿಳಿವಳಿಕೆ ನೀಡುವುದು.

(5) ಊರಿನ ವಿಶೇಷ ಮರಗಳನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಸೇರಿಸುವುದು. ಜೀವವೈವಿಧ್ಯ ಅಧಿನಿಯಮ, 2002ರ ಅನ್ವಯ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಈ ಸಮಿತಿ ಇರಬೇಕು. ಉಳಿಸಲಾಗದಷ್ಟು ಸೊರಗಿದ ಅಪರೂಪದ ಮರವಿದ್ದರೆ, ಅದರಲ್ಲಿ ಒಂದು ಹಸಿ ಕೊಂಬೆ ಇರುವಾಗಲೇ ಕುಡಿ ಪಡೆದು ಕಸಿ ಕಟ್ಟಿಸಬೇಕು.

(6) ಮರ ಕಡಿಯಲೇಬೇಕಾದ ಸಂದರ್ಭದಲ್ಲಿ, ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ ಅನುಮತಿ ಅಗತ್ಯವೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸುವಂತೆ ತಿಳಿಸುವುದು.

ಲಕ್ಷಣಗಳು ಸ್ಪಷ್ಟವಾಗದಿದ್ದಲ್ಲಿ ತಾಲ್ಲೂಕು ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸತಕ್ಕದ್ದು. ಇಡೀ ಮರ, ಬುಡ ಮತ್ತು ಬಿರುಕು ಇವುಗಳ ಮೂರು ಪ್ರತ್ಯೇಕ ಛಾಯಾಚಿತ್ರಗಳನ್ನೂ, ನೀರು ಎಲ್ಲಿಂದ ಬರುತ್ತದೆ ಎಂಬ ವಿವರವನ್ನೂ ಒಯ್ದರೆ ಪರಿಣತರಿಗೆ ಕಾರಣ ತಿಳಿಯುವುದು ಸುಲಭವಾಗುತ್ತದೆ.

ವಾರ್ಡ್ ಸಭೆಯಲ್ಲಿ ಚರ್ಚೆಗೆ ಪ್ರಶ್ನೆಗಳು

1. ವಾರ್ಡಿನ ಎಷ್ಟು ಮನೆಗಳಲ್ಲಿ ಬಚ್ಚಲ ನೀರು ಹಣ್ಣಿನ ಮರದ ಬುಡಕ್ಕೆ ನೇರವಾಗಿ ಹರಿಯುತ್ತಿದೆ? ಅದನ್ನು ತಿರುಗಿಸಲು ಯಾವ ಮನೆಯಲ್ಲಿ ಗುಂಡಿ ಬೇಕು, ಯಾವ ಮನೆಯಲ್ಲಿ ಸಣ್ಣ ಕಾಲುವೆ ಸಾಕು?
2. ಕಳೆದ ಮೂರು ವರ್ಷಗಳಲ್ಲಿ ಒಣಗಿದ ಅಥವಾ ಕಡಿಸಿದ ಹಣ್ಣಿನ ಮರಗಳು ಯಾವುವು? ಅವುಗಳ ಬುಡದಲ್ಲಿ ಮೊದಲು ಕಂಡ ಲಕ್ಷಣವೇನೆಂದು ಮನೆಯವರಿಗೆ ನೆನಪಿದೆಯೇ?
3. ಊರಿನಲ್ಲಿ ಬೇರೆಲ್ಲೂ ಸಿಗದ ರುಚಿಯ ಮಾವು, ಹಲಸು ಅಥವಾ ನೇರಳೆಯ ಒಂಟಿ ಮರ ಯಾವುದು? ಅದರ ಕಸಿ ಬೇರೆ ಯಾರ ಹಿತ್ತಲಿನಲ್ಲಾದರೂ ಇದೆಯೇ?

ಮೂರನೆಯ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದ ಊರಿನಲ್ಲಿ, ಮುಂದಿನ ಸಭೆಗೆ ಮುನ್ನ ಆ ಮರದ ಬುಡವನ್ನು ಒಮ್ಮೆ ಪರಿಶೀಲಿಸಿ, ಕಸಿ ಕಟ್ಟಿಸುವ ಏರ್ಪಾಡು ಮಾಡುವುದು ಉಚಿತ.